ಚಾಪ್ಲಿನ್ ಯಾವ ಪೈಕಿ?

1952ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ಕ್ಕೆ ಅಮೆರಿಕದವರಿಂದ ಒಂದು ಕೋರಿಕೆ ಬಂತು. ಚಾರ್ಲಿ ಚಾಪ್ಲಿನ್ ಎಂಬ ಮೂಕಿಚಿತ್ರಗಳ ನಟ ಅಸಲಿಗೆ ಯಾರು, ಎಲ್ಲಿಯವರು, ಅವರ ನಿಜವಾದ ಹೆಸರು ಇಸ್ರೇಲ್ ಥಾರ್ನ್‌ಸ್ಟೈನ್ ಅಂತೆ ಹೌದೇ, ಸ್ವಲ್ಪ ವಿಚಾರಿಸಿ ತಿಳಿಸುವುದು. ಗೂಢಚಾರರು ಜನನ ನೋಂದಣಿ ಪುಸ್ತಕಗಳನ್ನು ಜಾಲಾಡಿದರು. 1889ರ ಏಪ್ರಿಲ್ 16ರಂದು ಲಂಡನ್ನಿನಲ್ಲಿ ಹುಟ್ಟಿದೆನೆಂದು ಹೇಳಿಕೊಳ್ಳುವ ಮನುಷ್ಯನ ಜನನ ಪ್ರಮಾಣಪತ್ರ ಸಿಗಲಿಲ್ಲ. ಥಾರ್ನ್‌ಸ್ಟೈನ್ ಹೆಸರಿನಲ್ಲಿ ಹುಡುಕಿದರೂ ಇಲ್ಲ. ಫ್ರಾನ್ಸಿನಲ್ಲಿ ಹುಟ್ಟಿರಬಹುದೆಂದು ಯಾರೋ ಕಿವಿಯಲ್ಲಿ ಊದಿದರು. ಅಲ್ಲಿ ಕೆದಕಿದರೂ ಸೊನ್ನೆ. ಭೂಮಂಡಲದಲ್ಲಿ ಮಕ್ಕಳೂ ಗುರುತು ಹಿಡಿಯುತ್ತಿದ್ದ ಮುಖಕ್ಕೆ ಗುರುತಿನ ಕಾಗದ ಒಂದೂ ಇರಲಿಲ್ಲ.

ಪಾಪ, ಎಂಐ5ಕ್ಕೆ ನಮ್ಮ ಕರಾವಳಿಯ ಪರಿಚಯವಿರಲಿಲ್ಲ. ಇದ್ದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು.

2009ರಲ್ಲಿ ಕನ್ನಡದ ನಿರ್ದೇಶಕ ಹೇಮಂತ್ ಹೆಗಡೆ ತಮ್ಮ ಚಿತ್ರದ ಹಾಡೊಂದಕ್ಕಾಗಿ ಉಡುಪಿ ಜಿಲ್ಲೆಯ ಬೈಂದೂರಿನ ಬಳಿ, ಒತ್ತಿನೆಣೆಯ ಕಡಲ ದಂಡೆಯಲ್ಲಿ 67 ಅಡಿ ಎತ್ತರದ ಚಾಪ್ಲಿನ್ ಪ್ರತಿಮೆ ನಿಲ್ಲಿಸಲು ಹೊರಟರು. ಕೆಲಸ ಶುರುವಾದದ್ದೇ ತಡ, ಪ್ರತಿಭಟನೆಯೂ ಶುರುವಾಯಿತು. ಚಾಪ್ಲಿನ್ ಕ್ರೈಸ್ತರು, ಹತ್ತಿರದಲ್ಲಿ ದೇವಸ್ಥಾನವಿದೆ, ಆದ್ದರಿಂದ ಪ್ರತಿಮೆ ಕೂಡದು. ಗಮನಿಸಿ, ಬ್ರಿಟಿಷ್ ಸರ್ಕಾರದ ಗೂಢಚಾರರಿಗೆ ಹುಟ್ಟೂರು ಕೂಡ ಸಿಗದ ಆಸಾಮಿಯ ಧರ್ಮವನ್ನು ನಮ್ಮವರು ಅರ್ಜಿ, ಅಫಿಡವಿಟ್ಟು, ಗ್ರಾಮ ಲೆಕ್ಕಿಗರ ಷರಾ ಯಾವುದೂ ಇಲ್ಲದೆ ನಿಂತ ನಿಲುವಿನಲ್ಲೇ ನಿರ್ಧರಿಸಿದರು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕದ ಸೀಟಿನವರ ಊರು ಕೇಳಿ, ಮನೆತನ ಕೇಳಿ, ಕೊನೆಗೆ ‘ನೀವು ಯಾವ ಪೈಕಿ?’ ಎಂಬಲ್ಲಿಗೆ ಬರಲು ಒಂದು ಸ್ಟಾಪಿನಷ್ಟು ದಾರಿ ಸಾಕು. ಸತ್ತು ಮೂರು ದಶಕ ಕಳೆದವರು ಮಾತ್ರ ತಪ್ಪಿಸಿಕೊಂಡಾರೆಯೇ?

ಎತ್ತರ ಹೆಚ್ಚಾಯಿತೆಂಬ ತಕರಾರೇನೂ ಅಲ್ಲ. ಭಟ್ಕಳ ದಾಟಿ ಸ್ವಲ್ಪ ಮುಂದೆ ಹೋದರೆ ಮುರ್ಡೇಶ್ವರದಲ್ಲಿ 123 ಅಡಿಯ ಶಿವನೇ ಕುಳಿತಿದ್ದಾನೆ. ಚಾಪ್ಲಿನ್ ನಿಂತರೂ ಅದರ ಅರ್ಧದಷ್ಟು, ಚೂರು ಹೆಚ್ಚು. ಆ ಶಿವನಿಗಾಗಲಿ, ಒತ್ತಿನೆಣೆಯ ಪಕ್ಕದ ಸೋಮೇಶ್ವರನಿಗಾಗಲಿ ದೊಗಳೆ ಪ್ಯಾಂಟಿನ ಅಲೆಮಾರಿಯೊಬ್ಬ ನೆರೆಗೆ ಬರುವುದು ಬೇಸರದ ಸಂಗತಿಯೇ ಎಂದು ಯಾರೂ ಕೇಳಿದಂತಿಲ್ಲ. ಸ್ವತಃ ಭಿಕ್ಷೆ ಎತ್ತಿ ಸ್ಮಶಾನದಲ್ಲಿ ಮಲಗುವ ದೇವರು, ಏನು ಹೇಳುತ್ತಿದ್ದನೋ.

ಆ ಅಲೆಮಾರಿಯ ವೇಷವನ್ನಾದರೂ ಒಮ್ಮೆ ನೋಡಬಹುದಿತ್ತು. 1914ರಲ್ಲಿ ಕೀಸ್ಟೋನ್ ಕಂಪನಿಯ ಸ್ಟುಡಿಯೋದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ಮಾಡಿದ್ದು ಅದು. ದಢೂತಿ ನಟನ ಪ್ಯಾಂಟು, ಉಸಿರು ಕಟ್ಟುವ ಕೋಟು, ತಲೆಗೆ ಸಾಲದ ಟೋಪಿ, ಕಾಲಿಗೆ ಮೀರಿದ ಬೂಟು. ಮುಖಭಾವ ಮುಚ್ಚಿಹೋಗದಂತೆ ತುಣುಕು ಮೀಸೆ. ಜನಿವಾರ, ಶಿಲುಬೆ, ತಾಯಿತ ಎಲ್ಲಿಯೂ ಇಲ್ಲ. ಬಾಯಿ ಬಿಟ್ಟರೆ ಭಾಷೆಯಿಂದಾದರೂ ಜಾತಿ ಹಿಡಿಯಬಹುದಿತ್ತು, ಆಸಾಮಿ ಅದನ್ನೂ ಬಿಡಲಿಲ್ಲ. ಊರೆಲ್ಲ ಟಾಕಿಗೆ ಮಾರುಹೋದ ಮೇಲೂ 1931ರಲ್ಲಿ ಮಾತಿಲ್ಲದ ಚಿತ್ರವನ್ನೇ ತೆಗೆದು ಗೆದ್ದರು. ಇಂಥವರನ್ನು ಯಾವ ಕಾಲಂನಲ್ಲಿ ತುಂಬುವುದು?

ಆಹಾರದಿಂದ ಪತ್ತೆ ಹಚ್ಚೋಣವೆಂದರೆ ಇನ್ನೂ ಗೊಂದಲ. 1925ರ ‘ದಿ ಗೋಲ್ಡ್ ರಶ್’ನಲ್ಲಿ ಹಸಿವು ತಾಳದೆ ಬೂಟನ್ನೇ ಬೇಯಿಸಿ ತಿನ್ನುತ್ತಾರೆ. ಲೇಸನ್ನು ಶಾವಿಗೆಯಂತೆ ಸುತ್ತಿ ಬಾಯಿಗಿಡುವುದು, ಅಟ್ಟೆಯ ಮೊಳೆಗಳನ್ನು ಒಂದೊಂದಾಗಿ ಎಲುಬಿನಂತೆ ಚೀಪುವುದು. ಇವತ್ತು ತೆರೆಗೆ ಬಂದಿದ್ದರೆ ಅದು ಯಾವ ಪ್ರಾಣಿಯ ಚರ್ಮ ಎಂಬುದರ ಮೇಲೆ ಟಿವಿಯಲ್ಲಿ ರಾತ್ರಿ ಒಂಬತ್ತರ ಚರ್ಚೆ ಖಚಿತ. ಚಿತ್ರೀಕರಣಕ್ಕೆ ಬಳಸಿದ ಬೂಟು ಜ್ಯೇಷ್ಠಮಧುವಿನ ಮಿಠಾಯಿಯದು. ಅಪ್ಪಟ ಸಸ್ಯಾಹಾರ, ಅದರಲ್ಲೂ ಆಯುರ್ವೇದೀಯ ಎಂದು ಯಾರಾದರೂ ಎದ್ದು ಹೇಳುವಷ್ಟರಲ್ಲಿ ಜಾಹೀರಾತು ವಿರಾಮ ಬಂದಿರುತ್ತದೆ.

ಬೈಂದೂರನ್ನು ಒಂದನ್ನೇ ಆಡಿಕೊಂಡರೆ ನ್ಯಾಯವಾಗದು. ನಾಜಿಗಳು ತಮ್ಮ ಪ್ರಚಾರ ಪುಸ್ತಕದಲ್ಲಿ ಚಾಪ್ಲಿನ್ ಯೆಹೂದಿ ಎಂದು ಬರೆದುಬಿಟ್ಟರು. ಅವರು ಯೆಹೂದಿಯಲ್ಲ, ಆದರೂ ಅಲ್ಲವೆಂದು ಹೇಳಿಕೊಳ್ಳುವ ಗೋಜಿಗೆ ಹೋಗದೆ, 1940ರಲ್ಲಿ ಹಿಟ್ಲರನ ವೇಷವನ್ನೇ ಹಾಕಿ ನಗಿಸಿದರು. (ಇಬ್ಬರೂ ಹುಟ್ಟಿದ್ದು ಒಂದೇ ತಿಂಗಳಿನಲ್ಲಿ, ನಾಲ್ಕು ದಿನದ ಅಂತರದಲ್ಲಿ, ಮೀಸೆಯೂ ಒಂದೇ ಅಳತೆ. ನಮ್ಮ ಜ್ಯೋತಿಷಿಗಳು ಈ ಬಗ್ಗೆ ಯಾಕೋ ಮೌನ.) ಅಮೆರಿಕದ ಎಫ್‌ಬಿಐ ಪಾಲಿಗೆ ಅವರು ಕಮ್ಯುನಿಸ್ಟ್. ಅವರ ಮೇಲಿನ ಫೈಲು 1,900 ಪುಟ ದಾಟಿತು. ಅವರ ಮೂಕಿಚಿತ್ರಗಳ ಸಂಭಾಷಣೆಯನ್ನೆಲ್ಲ ಗುಡ್ಡೆ ಹಾಕಿದರೂ ಅಷ್ಟಾಗದು. ಪಿತೃತ್ವದ ಮೊಕದ್ದಮೆಯಲ್ಲಿ ರಕ್ತಪರೀಕ್ಷೆ ‘ಮಗು ಇವರದಲ್ಲ’ ಎಂದಿತು, ಜ್ಯೂರಿ ‘ಇವರದೇ’ ಎಂದಿತು, ಜೀವನಾಂಶ ಕಟ್ಟಬೇಕಾಯಿತು. ಪ್ರಮಾಣಪತ್ರ ಇಲ್ಲದಿದ್ದರೂ ತಪ್ಪು, ಇದ್ದರೂ ಉಪಯೋಗವಿಲ್ಲ. 1952ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆಂದು ಹಡಗು ಹತ್ತಿದರೆ, ದಡ ಕಣ್ಮರೆಯಾದ ಮೇಲೆ ಅಮೆರಿಕದ ಅಟಾರ್ನಿ ಜನರಲ್ ಮರುಪ್ರವೇಶದ ಪರವಾನಗಿ ರದ್ದು ಮಾಡಿದರು. ಎದುರಿಗಿದ್ದಾಗ ಹೇಳಲು ಮುಜುಗರವಾಗಿರಬೇಕು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ದೇಶ ಕರೆಸಿ ಆಸ್ಕರ್ ಕೊಟ್ಟು, ಎದ್ದುನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿತು.

ಗುಜರಾತಿನ ಆದಿಪುರವೆಂಬ ಊರಿನಲ್ಲಿ ಮಾತ್ರ ಯಾರಿಗೂ ಈ ವಿಚಾರಣೆಯ ಬುದ್ಧಿ ಹೊಳೆದಿಲ್ಲ. ಏಪ್ರಿಲ್ 16 ಬಂತೆಂದರೆ ಅಲ್ಲಿನ ಮಕ್ಕಳು ಮುದುಕರೆಲ್ಲ ಮೀಸೆ ಅಂಟಿಸಿ ಬೆತ್ತ ತಿರುಗಿಸುತ್ತ ಬೀದಿಯಲ್ಲಿ ಮೆರವಣಿಗೆ ಹೊರಡುತ್ತಾರೆ. ನಮ್ಮ ಕಡೆಯಿಂದ ಒಂದು ಅಧ್ಯಯನ ತಂಡ ಹೋಗಿ ಅವರಿಗೆ ತಿಳಿವಳಿಕೆ ಹೇಳುವುದು ಅಗತ್ಯ.

ಚಾಪ್ಲಿನ್ ತೀರಿಕೊಂಡದ್ದು 1977ರಲ್ಲಿ, ಡಿಸೆಂಬರ್ 25ರಂದು. ಕ್ರಿಸ್‌ಮಸ್ ದಿನ! ಪ್ರತಿಭಟನಾಕಾರರಿಗೆ ಈ ಸಾಕ್ಷ್ಯ ಹೊಳೆದಿದ್ದರೆ ಬ್ಯಾನರಿನಲ್ಲೇ ಬರೆಸುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಸ್ವಿಟ್ಜರ್ಲೆಂಡಿನ ಸಮಾಧಿಯಿಂದ ಶವಪೆಟ್ಟಿಗೆಯೇ ಕಳುವಾಯಿತು. ಕದ್ದವರು ಕೆಲಸಕ್ಕೆಂದು ವಲಸೆ ಬಂದಿದ್ದ ಇಬ್ಬರು, ಒಬ್ಬ ಪೋಲೆಂಡಿನವ, ಇನ್ನೊಬ್ಬ ಬಲ್ಗೇರಿಯದವ. ಮನೆಯವರಿಗೆ ಫೋನ್ ಮಾಡಿ ದುಡ್ಡು ಕೊಡಿ ಎಂದರು. ಪತ್ನಿ ಊನಾ ಕೊಡುವುದಿಲ್ಲವೆಂದರು. ಮೇ ತಿಂಗಳಿನಲ್ಲಿ ಪೊಲೀಸರು ಹೊಲವೊಂದನ್ನು ಅಗೆದು ಪೆಟ್ಟಿಗೆ ಹೊರತೆಗೆದರು, ಈ ಸಲ ಮೇಲೆ ಕಾಂಕ್ರೀಟು ಸುರಿದು ಹೂತರು. ಆ ಕಳ್ಳರಿಬ್ಬರ ಪರವಾಗಿ ಒಂದು ಮಾತು ಹೇಳಲೇಬೇಕು: ಹೆಣ ಹೊತ್ತೊಯ್ಯುವ ಮೊದಲು ಅವರು ಅದು ಯಾವ ಪೈಕಿ ಎಂದು ಕೇಳಲಿಲ್ಲ.