ಕೋಚ್‌ಗಳು ಮೂವರು, ಕೈ ಒಂದೇ

ಫಾಲ್ ಸೀಸನ್ ರಿಜಿಸ್ಟ್ರೇಷನ್ ಹತ್ತಿರ ಬಂತು ಅಂದ್ರೆ, ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಕನ್ನಡದ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮಗ ಬೇಸ್‌ಬಾಲ್‌ನಲ್ಲಿ ಪಿಚಿಂಗ್ ಮಾಡ್ತಾನೆ. ಕೈಗೆ ಇನ್ನೂ ಬಲ ಬರಬೇಕು ಅಂತಿದ್ದಾರೆ ಕೋಚ್. ಏನು ಮಾಡಿಸ್ಬೇಕು?" ಕೂಡಲೇ ಉತ್ತರಗಳ ಸುರಿಮಳೆ. ಒಬ್ಬರು ತೂಕದ ಚೆಂಡುಗಳ (ವೇಗ ಹೆಚ್ಚಿಸಲು ಎಸೆದು ಅಭ್ಯಾಸ ಮಾಡುವ, ಬೇರೆ ಬೇರೆ ತೂಕದ ಚೆಂಡುಗಳು) ಸೆಟ್ ಲಿಂಕ್ ಹಾಕುತ್ತಾರೆ. ಇನ್ನೊಬ್ಬರು ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಕೊಂಡುಕೊಳ್ಳಿ ಅಂತಾರೆ. ಮತ್ತೊಬ್ಬರು ತಮ್ಮ ಪ್ರೈವೇಟ್ ಕೋಚ್ ನಂಬರ್ ಕೊಡುತ್ತಾರೆ. ಹುಡುಗ ಈಗಾಗಲೇ ವಾರಕ್ಕೆ ಎಷ್ಟು ಸಲ ಎಸೆಯುತ್ತಿದ್ದಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಮಗನೂ ಪಿಚರ್, ಅಂದ್ರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು. ಈ ವಿಷಯದಲ್ಲಿ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ, ಒಪ್ಪದವರು ಬೈಯಬಹುದು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗನ ಕೈ ಗಟ್ಟಿಯಾಗಬೇಕಾದರೆ ಮೊದಲ ಕೆಲಸ ಎಸೆತದ ಲೆಕ್ಕ ಇಡುವುದು. ಎರಡನೆಯದು ಕಾಲು, ಸೊಂಟ, ಬೆನ್ನು. ಕೈಯ ವ್ಯಾಯಾಮ ಬರುವುದು ಆಮೇಲೆ. ತೂಕದ ಚೆಂಡು ಈ ವಯಸ್ಸಿಗೆ ಬೇಡವೇ ಬೇಡ.

ಊರಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು, ಹಾಗಾಗಿ ಪಿಚಿಂಗ್ ಅಂದ್ರೆ ಒಂದು ಥರ ಬೌಲಿಂಗ್ ಅಂದುಕೊಳ್ಳುತ್ತೇವೆ. ಅಲ್ಲ. ವೇಗದ ಬೌಲರ್ ಓಡಿ ಬಂದು, ಮೊಣಕೈ ನೇರ ಇಟ್ಟುಕೊಂಡು ಚೆಂಡು ಬಿಡುತ್ತಾನೆ. ಅಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಸೊಂಟದ ಮೇಲಿನ ಬೆನ್ನುಮೂಳೆಗೆ. ಭುಜಕ್ಕೂ ತಪ್ಪಿದ್ದಲ್ಲ, ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದಾಗಿ ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಪಿಚರ್‌ಗೆ ಓಟ ಇಲ್ಲ. ನಿಂತ ಜಾಗದಿಂದ ಒಂದು ಹೆಜ್ಜೆ ಮುಂದಿಟ್ಟು, ಮಡಚಿದ ಮೊಣಕೈಯನ್ನು ಚಾಟಿ ಬೀಸಿದ ಹಾಗೆ ಬೀಸುತ್ತಾನೆ. ದೊಡ್ಡ ಲೀಗಿನ ಪಿಚರ್‌ಗಳ ಭುಜ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಮನುಷ್ಯನ ದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಆ ಜಗ್ಗಾಟವೆಲ್ಲ ಹೋಗಿ ನಿಲ್ಲುವುದು ಮೊಣಕೈಯ ಒಳಬದಿಯಲ್ಲಿ.

ದೊಡ್ಡವರಲ್ಲಿ ಅಲ್ಲಿ ಹರಿಯುವುದು ಲಿಗಮೆಂಟ್, ಅಂದ್ರೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ನಾರಿನ ಪಟ್ಟಿ. ಮಕ್ಕಳ ಕಥೆ ಬೇರೆ. ಅವರ ಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್, ಅಂದ್ರೆ ಮೂಳೆ ಬೆಳೆಯುವ ಜಾಗ, ಇನ್ನೂ ಮೆತ್ತಗಿರುತ್ತದೆ, ಹುಡುಗರಲ್ಲಿ 15–16 ವರ್ಷದ ಆಸುಪಾಸಿನವರೆಗೂ ಪೂರ್ತಿ ಮೂಳೆಯಾಗಿ ಕೂಡಿಕೊಂಡಿರುವುದಿಲ್ಲ. ಲಿಗಮೆಂಟಿಗಿಂತ ಅದೇ ದುರ್ಬಲ. ಹಾಗಾಗಿ ಜಗ್ಗಿದಾಗ ಮೊದಲು ಅದೇ ಬಿಟ್ಟುಕೊಳ್ಳುತ್ತದೆ. ಮೊಣಕೈಯಲ್ಲಾದರೆ ಲಿಟಲ್ ಲೀಗ್ ಎಲ್ಬೋ, ಭುಜದಲ್ಲಾದರೆ ಲಿಟಲ್ ಲೀಗ್ ಶೋಲ್ಡರ್ ಅಂತಾರೆ ಇಲ್ಲಿನ ಡಾಕ್ಟರುಗಳು. ಮಕ್ಕಳ ಲೀಗಿನ ಹೆಸರನ್ನೇ ಕಾಯಿಲೆಗೆ ಇಡುವಷ್ಟು ಮಾಮೂಲಿಯಾಗಿಬಿಟ್ಟಿದೆ ನೋಡಿ.

ಇನ್ನು ಟಾಮಿ ಜಾನ್ ಸರ್ಜರಿ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರ ಮೊಣಕೈ ಲಿಗಮೆಂಟ್ ಹರಿಯಿತು. ಡಾ. ಫ್ರಾಂಕ್ ಜೋಬ್ ಅವರ ಬಲಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಎಡ ಮೊಣಕೈಗೆ ಹೊಲಿದರು. ಟಾಮಿ ಜಾನ್ 1976ರಲ್ಲಿ ಮತ್ತೆ ಕಣಕ್ಕಿಳಿದು 1989ರವರೆಗೆ ಆಡಿದರು. ಅದ್ಭುತವೇ ಸರಿ. ಆದರೆ ಅದರಿಂದ ಒಂದು ಕೆಟ್ಟ ನಂಬಿಕೆಯೂ ಹುಟ್ಟಿಕೊಂಡಿತು. ಆಪರೇಷನ್ ಆದರೆ ಕೈ ಮೊದಲಿಗಿಂತ ಗಟ್ಟಿಯಾಗುತ್ತದೆ ಅಂತ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೈಸ್ಕೂಲ್ ಆಟಗಾರರಲ್ಲಿ ಅರ್ಧದಷ್ಟು ಹುಡುಗರು, ಗಾಯವೇ ಇಲ್ಲದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಅಂದಿದ್ದರು! ಓದಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಮೆರಿಕದಲ್ಲಿ 2007ರಿಂದ 2011ರವರೆಗೆ ನಡೆದ ಈ ಆಪರೇಷನ್‌ಗಳನ್ನು ಪರಿಶೀಲಿಸಿದಾಗ ಅರ್ಧಕ್ಕಿಂತ ಜಾಸ್ತಿ 15ರಿಂದ 19 ವರ್ಷದವರದ್ದೇ ಆಗಿತ್ತು.

ಲಿಟಲ್ ಲೀಗ್ 2007ರಿಂದ ಪಿಚ್ ಲೆಕ್ಕ, ಅಂದ್ರೆ ಪಿಚರ್ ಎಸೆದ ಚೆಂಡುಗಳ ಲೆಕ್ಕ, ಇಡುತ್ತಿದೆ. 9–10 ವರ್ಷದವರಿಗೆ ದಿನಕ್ಕೆ 75, 11–12ರವರಿಗೆ 85, ಅದರ ಮೇಲೆ 16ರವರೆಗೆ 95. 14 ಅಥವಾ ಅದರೊಳಗಿನ ಹುಡುಗ ಒಂದೇ ದಿನ 66 ಮುಟ್ಟಿದರೆ ನಾಲ್ಕು ದಿನ ರಜೆ, 51ರಿಂದ 65 ಆದರೆ ಮೂರು ದಿನ. ನಿಯಮ ಚೆನ್ನಾಗಿದೆ, ದೂರು ಹೇಳುವಂಥದ್ದೇನೂ ಇಲ್ಲ.

ತೊಂದರೆ ಇರುವುದು ಆ ನಿಯಮ ಕಾಣದ ಕಡೆ. ಒಂದು ವಾರ ತಗೊಳ್ಳಿ. ಮಂಗಳವಾರ ಲೀಗ್ ಮ್ಯಾಚ್, 60 ಪಿಚ್. ಮೂರು ದಿನ ರಜೆ, ಶನಿವಾರಕ್ಕೆ ಮತ್ತೆ ಎಸೆಯಬಹುದು. ಗುರುವಾರ ಸಂಜೆ ಪ್ರೈವೇಟ್ ಕೋಚ್ ಹತ್ತಿರ ಕ್ಲಾಸ್. ದುಡ್ಡು ಕೊಟ್ಟಿದ್ದೇವಲ್ಲ ಅಂತ ಅಲ್ಲೊಂದು 40. ಶುಕ್ರವಾರ ಹಿತ್ತಿಲಲ್ಲಿ ಅಪ್ಪನ ಜೊತೆ "ಸುಮ್ನೆ ಒಂದಿಷ್ಟು". ಶನಿವಾರ ಊರೂರು ತಿರುಗಿ ಆಡುವ ಟ್ರಾವೆಲ್ ಟೀಮಿನ ಟೂರ್ನಮೆಂಟ್, ಅಲ್ಲಿ ಎರಡು ಇನ್ನಿಂಗ್ಸ್ ಪಿಚಿಂಗ್ (ಬೇಸ್‌ಬಾಲ್ ಇನ್ನಿಂಗ್ಸ್ ಚಿಕ್ಕದು, ಎದುರಾಳಿಗಳಲ್ಲಿ ಮೂವರು ಔಟಾದರೆ ಪಿಚರ್‌ಗೆ ಒಂದು ಇನ್ನಿಂಗ್ಸ್ ಮುಗಿಯಿತು). ಮುಂದಿನ ಮ್ಯಾಚಿನಲ್ಲಿ ಕ್ಯಾಚರ್, ಅಂದ್ರೆ ಪ್ರತಿ ಚೆಂಡನ್ನೂ ಪಿಚರ್‌ಗೆ ವಾಪಸ್ ಎಸೆಯುವವನು. ಲೀಗಿನ ಕೋಚ್ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಟ್ರಾವೆಲ್ ಕೋಚ್ ಪುಸ್ತಕದಲ್ಲೂ ಸರಿಯಾಗಿದೆ. ಪ್ರೈವೇಟ್ ಕೋಚ್ ಹತ್ತಿರ ಪುಸ್ತಕವೇ ಇಲ್ಲ. ಮೂವರೂ ಒಳ್ಳೆಯವರೇ, ಯಾರದ್ದೂ ತಪ್ಪಿಲ್ಲ. ಆದರೆ ಮೂರನ್ನೂ ಕೂಡಿಸುವವರು ಯಾರು? ಆ ಹುಡುಗನನ್ನು ಮೂರೂ ಕಡೆ ಕಾರಿನಲ್ಲಿ ಕೂರಿಸಿಕೊಂಡು ಹೋಗುವವರು ಮಾತ್ರ ಕೂಡಿಸಬಲ್ಲರು. ಅಂದ್ರೆ ನಾವು.

ಮ್ಯಾಚ್ ದಿನವೂ ಅಷ್ಟೇ. ಫ್ಲಾರಿಡಾದ ಹೈಸ್ಕೂಲ್ ಪಿಚರ್‌ಗಳು ಮ್ಯಾಚ್ ದಿನ ಎಸೆದದ್ದನ್ನೆಲ್ಲ ಸಂಶೋಧಕರು ಎಣಿಸಿದಾಗ, ನೂರರಲ್ಲಿ ಸುಮಾರು 40 ಎಸೆತ ಅಧಿಕೃತ ಲೆಕ್ಕಕ್ಕೆ ಬಂದೇ ಇರಲಿಲ್ಲ. ವಾರ್ಮಪ್, ಇನ್ನಿಂಗ್ಸ್ ನಡುವಿನ ಎಸೆತ, ಇಂಥವು. ಸ್ಕೋರ್‌ಬೋರ್ಡಿಗೆ ಬೇಡವಾದರೂ ಮೊಣಕೈ ಅದನ್ನೂ ಎಣಿಸುತ್ತದೆ.

ಇದು ಸುಮ್ನೆ ಹೆದರಿಕೆಯಲ್ಲ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರು 481 ಹುಡುಗರನ್ನು ಹತ್ತು ವರ್ಷ ಹಿಂಬಾಲಿಸಿದರು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಜಾಸ್ತಿ ಪಿಚ್ ಮಾಡಿದವರಿಗೆ ಗಂಭೀರ ಗಾಯದ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು. ಅದೇ ಸಂಸ್ಥೆಯ 2006ರ ಇನ್ನೊಂದು ಅಧ್ಯಯನದಲ್ಲಿ, ಕೈ ಸೋತ ಮೇಲೂ ಎಸೆಯುವ ಅಭ್ಯಾಸ ಇದ್ದವರಿಗೆ ಆಪರೇಷನ್ ಆಗುವ ಸಾಧ್ಯತೆ 36 ಪಟ್ಟು. ಮೂರಲ್ಲ, ಆರಲ್ಲ, ಮೂವತ್ತಾರು. ಗಾಳಿಯಲ್ಲೇ ಬಾಗುವ ಕರ್ವ್‌ಬಾಲ್ ಎಸೆಯಬಹುದಾ ಬೇಡವಾ ಅಂತ ಅಪ್ಪಂದಿರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ಎರಡನೇ ದರ್ಜೆಯ ಪ್ರಶ್ನೆ. ಸೋತ ಕೈಯಿಂದ ಎಸೆದರೆ ಯಾವ ಚೆಂಡೂ ಒಳ್ಳೆಯದಲ್ಲ.

ಜಪಾನಿನವರ ಕಥೆಯನ್ನೂ ನೋಡಿ. ಕೋಶಿಯೆನ್ ಅನ್ನುವ ಹೈಸ್ಕೂಲ್ ಟೂರ್ನಿಯಲ್ಲಿ 1998ರಲ್ಲಿ ದೈಸುಕೆ ಮತ್ಸುಜಾಕಾ ಒಂದೇ ಮ್ಯಾಚಿನಲ್ಲಿ 17 ಇನ್ನಿಂಗ್ಸ್, 250 ಪಿಚ್ ಎಸೆದರು. ದೇಶವೇ ಕೊಂಡಾಡಿತು. ಛಲಕ್ಕೆ ಅಷ್ಟು ಬೆಲೆ ಕೊಡುವ ಆ ಜನರೇ ಕೊನೆಗೆ 2020ರಲ್ಲಿ ವಾರಕ್ಕೆ 500 ಪಿಚ್ ಅಂತ ಗೆರೆ ಎಳೆದರು. ನನ್ನ ಲೆಕ್ಕದಲ್ಲಿ ಅದೂ ಜಾಸ್ತಿಯೇ.

ಸರಿ, ಬಲದ ವಿಷಯಕ್ಕೆ ಬರೋಣ. ಚೆಂಡಿನ ವೇಗ ಹುಟ್ಟುವುದು ಕೈಯಲ್ಲಲ್ಲ. ಹಿಂದಿನ ಕಾಲು ನೆಲವನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಎದೆ ಹಿಂಬಾಲಿಸುತ್ತದೆ, ಕೈ ಬರುವುದು ಕೊನೆಗೆ. ಕಾಲು ಸೊಂಟ ಕೈಕೊಟ್ಟರೆ ಆ ಕೊರತೆಯನ್ನೂ ಕೈಯೇ ತುಂಬಬೇಕು. ನಮ್ಮ ಗರಡಿಮನೆಗಳಲ್ಲಿ ಬಸ್ಕಿ ಮತ್ತು ದಂಡಕ್ಕೆ ಅಷ್ಟು ಮಹತ್ವ ಕೊಡುತ್ತಿದ್ದದ್ದು ಸುಮ್ನೆ ಅಲ್ಲ. ನಮ್ಮ ಮನೆಯಲ್ಲೂ ಶುರು ಮಾಡುವುದು ಬಸ್ಕಿಯಿಂದಲೇ. ಆಮೇಲೆ ಲಂಜ್, ಒಂಟಿಕಾಲಲ್ಲಿ ನಿಂತು ಮುಂದಕ್ಕೆ ಬಾಗುವುದು, ಪ್ಲ್ಯಾಂಕ್, ದಂಡ. ತೂಕ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಅನ್ನುವ ಭಯ ನಮ್ಮವರಲ್ಲಿ ಇನ್ನೂ ಇದೆ. ಸರಿಯಾಗಿ ಹೇಳಿಕೊಡುವವರಿದ್ದು, ತೂಕ ಹದವಾಗಿದ್ದರೆ ಹಾಗೇನೂ ಆಗಲ್ಲ ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ.

ಕೈಗೆ ಮಾಡಿಸುವುದು ರಬ್ಬರ್ ಟ್ಯೂಬ್. ಹಿತ್ತಿಲಿನ ಬೇಲಿಗೆ ಮೊಣಕೈ ಎತ್ತರದಲ್ಲಿ ಕಟ್ಟಿದ್ದೇವೆ. ಸುರುಳಿ ಸುತ್ತಿದ ಟವೆಲ್ ಒಂದನ್ನು ಮೊಣಕೈಗೂ ಪಕ್ಕೆಗೂ ಮಧ್ಯೆ ಇಟ್ಟುಕೊಳ್ಳಬೇಕು, ಅದು ಬೀಳಬಾರದು. ಮೊಣಕೈಯನ್ನು ಮಡಚಿ, ಮುಂಗೈಯನ್ನು ಹೊಟ್ಟೆಯ ಹತ್ತಿರದಿಂದ ನಿಧಾನಕ್ಕೆ ಹೊರಗೆ ಎಳೆಯಬೇಕು. ಅದಕ್ಕಿಂತ ನಿಧಾನಕ್ಕೆ ಒಳಗೆ ಬಿಡಬೇಕು. ಆ ಬಿಡುವುದರಲ್ಲೇ ಇದೆ ಗುಟ್ಟು. ಚೆಂಡು ಕೈಬಿಟ್ಟ ಮೇಲೆ ಅಷ್ಟು ವೇಗದಲ್ಲಿ ಬೀಸಿದ ಕೈಯನ್ನು ತಡೆದು ನಿಲ್ಲಿಸುವುದು ಭುಜದ ಹಿಂಬದಿಯ ಸಣ್ಣ ಸಣ್ಣ ಸ್ನಾಯುಗಳು. ಹುಡುಗರಿಗೆ ಕನ್ನಡಿಯಲ್ಲಿ ಕಾಣುವ ಎದೆ, ರಟ್ಟೆ ಮೇಲೆಯೇ ಆಸೆ. ಹಿಂದಿನ ಬ್ರೇಕನ್ನು ಯಾರೂ ನೋಡಿಕೊಳ್ಳಲ್ಲ. ಟ್ಯೂಬ್ ಎಳೆಯುವಾಗ ಹೆಗಲು ಕಿವಿಯ ಕಡೆಗೆ ಏರಿತು ಅಂದ್ರೆ ಸುಸ್ತಾಗಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸುತ್ತೇವೆ. ದಪ್ಪ ಟ್ಯೂಬ್ ಬೇಡ, ಎಲ್ಲಕ್ಕಿಂತ ತೆಳುವಾದದ್ದೇ ಸಾಕು.

ತೂಕದ ಚೆಂಡು ಬೇಡವೇ ಬೇಡ ಅಂದದ್ದಕ್ಕೆ ಕಾರಣ ಇದೆ. ಮಾಮೂಲಿ ಬೇಸ್‌ಬಾಲ್ 5 ಔನ್ಸ್ ಚಿಲ್ಲರೆ, ಅಂದ್ರೆ ಸುಮಾರು 145 ಗ್ರಾಂ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13ರಿಂದ 18 ವರ್ಷದ ಪಿಚರ್‌ಗಳಿಗೆ ಆರು ವಾರ 2ರಿಂದ 32 ಔನ್ಸ್‌ವರೆಗಿನ ಚೆಂಡುಗಳಿಂದ ತರಬೇತಿ ಕೊಟ್ಟರು. ವೇಗ ಶೇ. 3ರಷ್ಟು ಹೆಚ್ಚಿತು, ನಿಜ. ಆದರೆ ಆ ಗುಂಪಿನಲ್ಲಿ ಸುಮಾರು ಕಾಲು ಭಾಗದಷ್ಟು ಹುಡುಗರಿಗೆ ಮೊಣಕೈ ಗಾಯವಾಯಿತು. ತೂಕದ ಚೆಂಡು ಮುಟ್ಟದ ಗುಂಪಿನಲ್ಲಿ ಒಬ್ಬನಿಗೂ ಆಗಲಿಲ್ಲ. ಮೈಲಿ ಎರಡು ಮೈಲಿ ವೇಗಕ್ಕೆ ಇದು ತುಂಬಾ ದುಬಾರಿ ಬೆಲೆ, ಅಲ್ವಾ?

ಇನ್ನು ರಜೆ. ನಮ್ಮವರಿಗೆ ಅತಿ ಕಷ್ಟದ್ದು ಇದೇ. ಮಕ್ಕಳ ಶನಿವಾರ ಖಾಲಿ ಇದ್ದರೆ ನಮಗೆ ತಡೆಯಲ್ಲ, ಅಬ್ಯಾಕಸ್ಸೋ ಚೆಸ್ಸೋ ಏನಾದರೂ ತುಂಬಲೇಬೇಕು. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿರುವ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 9ರಿಂದ 12 ವರ್ಷದವರು ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಎಸೆಯಬಾರದು. ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಬರಬೇಕು. ಮಿನ್ನೆಸೋಟದಲ್ಲಿ ಇರುವವರಿಗೆ ಹಿಮವೇ ಈ ನಿಯಮ ಪಾಲಿಸಿಕೊಡುತ್ತದೆ. ಟೆಕ್ಸಸ್‌ನಲ್ಲಿ ಡಿಸೆಂಬರಿನಲ್ಲೂ ಬಿಸಿಲು, ಯಾವುದಾದರೂ ಮೈದಾನ ತೆರೆದೇ ಇರುತ್ತದೆ. ಹಾಗಾಗಿ ಇಲ್ಲಿ ಬೇಲಿ ನಾವೇ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಗ್ಲೋವ್ ಗ್ಯಾರೇಜಿಗೆ ಹೋಗುತ್ತದೆ, ಮಗ ಸಾಕರ್ ಆಡುತ್ತಾನೆ. ಕಾಲಿಗೂ ಒಳ್ಳೆಯದೇ. ಮತ್ತೆ ಶುರು ಮಾಡುವಾಗ ಹತ್ತಿರದಿಂದ, ಹಗುರವಾಗಿ, ದಿನ ಬಿಟ್ಟು ದಿನ. ಅಷ್ಟು ತಿಂಗಳು ಸುಮ್ಮನಿದ್ದ ಕೈಗೆ ಮೊದಲ ವಾರವೇ ಪೂರ್ತಿ ಜೋರು ಬೇಡ.

ನೋವಿನ ಬಗ್ಗೆ ಎರಡು ಮಾತು. ಮಾಂಸಖಂಡ ಹಿಡಿದುಕೊಳ್ಳುವುದು ಬೇರೆ, ಮೊಣಕೈಯ ಒಳಬದಿಯಲ್ಲೋ ಭುಜದ ಕೀಲಿನಲ್ಲೋ ನೋವು ಬೇರೆ. ಎರಡನೆಯದಕ್ಕೆ ಅಜ್ಜಿಯ ಎಣ್ಣೆ, ಅಮೃತಾಂಜನ ಸಾಲದು. ಎಸೆಯುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಮ್ಯಾಚಿಗೆ ಮುಂಚೆ ನೋವಿನ ಮಾತ್ರೆ ಕೊಟ್ಟು ಕಳಿಸುವುದನ್ನಂತೂ ದಯವಿಟ್ಟು ಮಾಡಬೇಡಿ. ನೋವು ಕಾಣದಂತೆ ಮಾಡಿ ಎಸೆಯಲು ಬಿಟ್ಟ ಹಾಗಾಗುತ್ತದೆ.

ಸೋತ ಕೈಯನ್ನು ಹೊರಗಿನಿಂದಲೇ ಗುರುತಿಸಬಹುದು. ಅದಕ್ಕೆ ಬೇಸ್‌ಬಾಲ್ ಗೊತ್ತಿರಬೇಕಾಗಿಯೂ ಇಲ್ಲ. ಮೊದಲ ಇನ್ನಿಂಗ್ಸ್‌ನಲ್ಲಿ ಭುಜದ ಮಟ್ಟದಲ್ಲಿದ್ದ ಮೊಣಕೈ ಕೆಳಗೆ ಇಳಿಯುತ್ತದೆ. ಮುಂದಕ್ಕೆ ಬಾಗುತ್ತಿದ್ದ ಮೈ ನೆಟ್ಟಗಾಗುತ್ತದೆ. ಚೆಂಡು ಕ್ಯಾಚರ್ ತಲೆಯ ಮೇಲೆ ಹೋಗತೊಡಗುತ್ತದೆ. ಎರಡು ಪಿಚ್ ನಡುವೆ ಹುಡುಗ ಟೋಪಿ ಸರಿ ಮಾಡಿಕೊಳ್ಳುತ್ತಾನೆ, ಶೂ ದಾರ ಕಟ್ಟಿಕೊಳ್ಳುತ್ತಾನೆ, ಕೈ ಕೊಡವಿಕೊಳ್ಳುತ್ತಾನೆ. ಆಗ ಕೋಚ್ ಹತ್ತಿರ ಹೋಗಿ ಹೇಳಬೇಕು. ಹೇಳಲು ನಮಗೆ ಮುಜುಗರ, ಗೊತ್ತು. ಪರದೇಶದ ಆಟ, ನಮಗೇನು ಗೊತ್ತು ಅಂದುಕೊಂಡು ಸುಮ್ಮನಿದ್ದುಬಿಡುತ್ತೇವೆ.

ನಾನು ಹೇಳುವುದು ಇಷ್ಟೇ: "ಮಂಗಳವಾರ 60 ಆಗಿದೆ, ಗುರುವಾರ 40, ಇವತ್ತು ಇದುವರೆಗೆ 35. ಇವತ್ತಿಗೆ ಸಾಕು." ಲೆಕ್ಕ ಮುಂದಿಟ್ಟರೆ ಬಹಳಷ್ಟು ಕೋಚ್‌ಗಳು ಮರುಮಾತಿಲ್ಲದೆ ಒಪ್ಪುತ್ತಾರೆ, ಅವರಿಗೂ ಉಳಿದ ಸಂಖ್ಯೆ ಗೊತ್ತಿರುವುದಿಲ್ಲ. ಕೆಲವರು ಮಾತ್ರ ಹುಡುಗನ ಕಡೆ ತಿರುಗಿ "ಇನ್ನೊಂದು ಇನ್ನಿಂಗ್ಸ್ ಮಾಡ್ತೀಯಾ?" ಅಂತಾರೆ. ಹನ್ನೆರಡು ವರ್ಷದ ಹುಡುಗ, ಸುತ್ತ ಗೆಳೆಯರು, ಸ್ಕೋರ್ ಸಮಸಮ. ಅವನು ಹೂಂ ಅನ್ನದೆ ಇನ್ನೇನು ಅಂದಾನು? ಅದಕ್ಕೇ ಸೀಸನ್ ಶುರುವಾಗುವ ಮುಂಚೆಯೇ ಮೂವರು ಕೋಚ್‌ಗಳಿಗೂ ಮೆಸೇಜ್ ಹಾಕಿರುತ್ತೇನೆ. ಎಸೆಯುವ ವಿಷಯ ಅವನನ್ನು ಕೇಳಬೇಡಿ, ನನ್ನನ್ನು ಕೇಳಿ.