ಮುಟ್ಟಿನ ಲೆಕ್ಕವನ್ನೂ ಕೇಳಿ ಡಾಕ್ಟ್ರೇ

ಮಲ್ಟಿಪಲ್ ಸ್ಕ್ಲೆರೋಸಿಸ್, ನಮ್ಮಂಥವರ ಬಾಯಲ್ಲಿ ಎಂ.ಎಸ್., ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚಾಗಿ ಬರುವ ನರಗಳ ಕಾಯಿಲೆ. ಬಹುಪಾಲು ಜನರಲ್ಲಿ ಕಾಣಿಸಿಕೊಳ್ಳುವುದು 20ರಿಂದ 40ರೊಳಗೆ, ಅಂದರೆ ತಿಂಗಳು ತಿಂಗಳು ಮುಟ್ಟಾಗುವ ವಯಸ್ಸಿನಲ್ಲೇ. ಹಾಗಿದ್ದ ಮೇಲೆ ನರರೋಗ ತಜ್ಞರು ಕೇಳುವ ಪ್ರಶ್ನೆಗಳಲ್ಲಿ "ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೇಗಿರುತ್ತೀರಿ?" ಅನ್ನುವುದೂ ಇರಬೇಕಲ್ಲವೇ? ನನ್ನನ್ನು ನಡೆಸಿ ನೋಡಿದರು, ಕಣ್ಣು ಪರೀಕ್ಷಿಸಿದರು, ಎಂಆರ್‌ಐ ಮಾಡಿಸಿದರು, ಮೂತ್ರ ತಡೆಯಲು ಆಗುತ್ತದಾ ಅಂತಲೂ ಕೇಳಿದರು. ಇದೊಂದನ್ನು ಮಾತ್ರ ಕೇಳಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದಾಗ ಬಂದ ಉತ್ತರ, "ಆ ಟೈಮಲ್ಲಿ ಸುಸ್ತು ಎಲ್ಲರಿಗೂ ಇದ್ದದ್ದೇ ಅಲ್ವೇನಮ್ಮಾ."

ಎಲ್ಲರಿಗೂ ಆಗುವ ಸುಸ್ತಲ್ಲ ಇದು. ಮುಟ್ಟು ಇನ್ನೇನು ಬರುತ್ತದೆ ಅನ್ನುವಾಗ ನನ್ನ ಬಲಗಾಲು ನನ್ನದಲ್ಲದ ಹಾಗೆ ಆಗುತ್ತದೆ. ಚಪ್ಪಲಿ ಕಳಚಿಬಿದ್ದರೆ ಕಾಲಿಗೆ ತಿಳಿಯುವುದಿಲ್ಲ, ನೆಲದ ತಂಪು ಎಡಗಾಲಿಗೆ ತಗಲಿದ ಹಾಗೆ ಬಲಗಾಲಿಗೆ ತಗಲುವುದಿಲ್ಲ, ತಿರುಗಿ ನೋಡಿದರೆ ಚಪ್ಪಲಿ ಹಿಂದೆ ಬಿದ್ದಿರುತ್ತದೆ. ಬೆರಳ ತುದಿಗಳಿಗೆ ಜೋಮು. ಬಚ್ಚಲಲ್ಲಿ ಗೋಡೆಗೆ ಒರಗಿ ನಿಂತು ಪ್ಯಾಡಿನ ಹಿಂದಿನ ಅಂಟುಪಟ್ಟಿ ಬಿಡಿಸಬೇಕು. ಆ ಪಟ್ಟಿಯ ಅಂಚು ಕಣ್ಣಿಗೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ. ಒಂದು ಕೈಯಲ್ಲಿ ಗೋಡೆ ಬಿಡುವಂತಿಲ್ಲ. ಈ ಕಷ್ಟವನ್ನು ಯಾವ ಕೇಸ್ ಶೀಟಿನಲ್ಲೂ ಬರೆಯುವ ಜಾಗವಿಲ್ಲ.

ಇದಕ್ಕೆ ಕಾರಣ ಇಲ್ಲದೆ ಇಲ್ಲ. ಎಂ.ಎಸ್.ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮಿದುಳು, ಬೆನ್ನುಹುರಿಯ ನರಗಳ ಮೇಲಿರುವ ಮಯೆಲಿನ್ ಪದರವನ್ನು ಕೆಡಿಸುತ್ತದೆ. ಆ ಪದರ ಕೆಟ್ಟ ನರಕ್ಕೆ ಮೈ ಸ್ವಲ್ಪ ಬಿಸಿಯಾದರೂ ಸಂದೇಶ ಸಾಗಿಸುವುದು ಕಷ್ಟ. ಮೈ ದಣಿದಾಗ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲೇ ಬರೆದಿಟ್ಟಿದ್ದರು. ಇನ್ನು ಹೆಂಗಸರ ಮೈ ನೋಡಿ: ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿ ಶಾಖ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ, ಮುಟ್ಟಿನ ಹೊತ್ತಿಗೆ ಇಳಿಯುತ್ತದೆ. ಥರ್ಮಾಮೀಟರಿನಲ್ಲಿ ಅದು ಜ್ವರವೇ ಅಲ್ಲ. ಕೆಟ್ಟ ನರಕ್ಕೆ ಅಷ್ಟೇ ಸಾಕು. ಜೊತೆಗೆ ನಿದ್ದೆಗೇಡು, ಹೊಟ್ಟೆನೋವು, ರಕ್ತ ಹೆಚ್ಚು ಹೋದರೆ ರಕ್ತಹೀನತೆ. ಎಲ್ಲ ಸೇರಿ ಆ ವಾರ ನಮ್ಮನ್ನು ಮಲಗಿಸಿಬಿಡುತ್ತದೆ.

ಹೆಣ್ಣಿನ ದೇಹಸ್ಥಿತಿಗೂ ಈ ಕಾಯಿಲೆಗೂ ನಂಟಿದೆ ಅನ್ನುವುದು ವೈದ್ಯರಿಗೆ ಹೊಸದೇನಲ್ಲ. 254 ಮಹಿಳೆಯರ ಬಸಿರು ಬಾಣಂತನವನ್ನು ಗಮನಿಸಿದ ಯುರೋಪಿನ ಅಧ್ಯಯನ 1998ರಲ್ಲೇ ಪ್ರಕಟವಾಯಿತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳುವುದು, ತೀರಾ ಕಡಿಮೆ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಹೆಚ್ಚು ಎಂದು ಅದು ತೋರಿಸಿತು. ಬಸುರಿಯನ್ನು ಇಷ್ಟು ಕಾಳಜಿಯಿಂದ ಕೇಳುವವರು ತಿಂಗಳ ಮುಟ್ಟನ್ನು ಯಾಕೆ ಬಿಡುತ್ತಾರೆ ಅನ್ನುವುದು ನನ್ನ ಸಂಕಟ.

ಒಂದು ವಿಷಯ ಎಂ.ಎಸ್. ಇರುವ ಎಲ್ಲ ಹೆಣ್ಣುಮಕ್ಕಳಿಗೂ ಹೇಳಲೇಬೇಕು. ಹೊಟ್ಟೆನೋವಿಗೆ ಎಲ್ಲರೂ ಹೇಳುವ ಮದ್ದು ಬಿಸಿನೀರಿನ ಚೀಲ. ನಮಗೆ ಅದರಿಂದ ಹೊಟ್ಟೆ ಹಗುರಾದರೂ ಮೈ ಬಿಸಿಯಾಗಿ ಕಾಲು ಇನ್ನಷ್ಟು ಸೋಲಬಹುದು. ಅದಕ್ಕಿಂತ ಅಪಾಯದ್ದೆಂದರೆ, ಚರ್ಮ ಮರಗಟ್ಟಿದ ಕಡೆ ಸುಡುತ್ತಿರುವುದೇ ತಿಳಿಯದೆ ಬೊಬ್ಬೆ ಏಳಬಹುದು. ನಾನು ಈಗ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಬಿಸಿ ಸರಿಯಾಗಿ ಗೊತ್ತಾಗುವ ಕೈಯಿಂದ ಮುಟ್ಟಿ ನೋಡಿ, ಸ್ವಲ್ಪವೇ ಹೊತ್ತು ಇಟ್ಟುಕೊಳ್ಳುತ್ತೇನೆ. ಕತ್ತಿಗೆ ಒದ್ದೆ ಬಟ್ಟೆ, ಪಕ್ಕದಲ್ಲಿ ತಣ್ಣೀರು. ನೋವಿನ ಮಾತ್ರೆ ಯಾವುದು, ಯಾವಾಗ ಅನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಂಡಿದ್ದೇನೆ. ಮುಂದೂಡಬಹುದಾದ ಕೆಲಸಗಳನ್ನು ಆ ವಾರಕ್ಕೆ ಹಾಕಿಕೊಳ್ಳುವುದಿಲ್ಲ. ಮನೆಯವರಿಗೆ ಮುಂಚೆಯೇ ಹೇಳುತ್ತೇನೆ, ನಾಚಿಕೆಪಡುವುದಿಲ್ಲ.

ಆದರೆ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಿ ಕೂರುವುದೂ ಬೇಡ. ಹಳೆಯ ತೊಂದರೆ ಹೆಚ್ಚಾಗಿ, ಮುಟ್ಟು ಬಂದ ಮೇಲೆ ತಾನಾಗಿ ಇಳಿದರೆ ಅದು ಒಂದು ಬಗೆ. ಹೊಸ ತೊಂದರೆ ಬಂದು 24 ಗಂಟೆ ದಾಟಿಯೂ ಇದ್ದರೆ, ಕಣ್ಣು ಆಡಿಸಿದಾಗ ನೋವು, ಮಸುಕು, ಹೊಸದಾಗಿ ಕೈಕಾಲು ಸೋಲುವುದು ಇದ್ದರೆ, ಅದು ರಿಲ್ಯಾಪ್ಸ್ ಇರಬಹುದು. ಮುಟ್ಟಾಗಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೂತ್ರದ ಸೋಂಕಿನಿಂದಲೂ ಎಂ.ಎಸ್. ಲಕ್ಷಣಗಳು ಕೆರಳುತ್ತವೆ, ಉರಿಮೂತ್ರ ಇದ್ದರೆ ಪರೀಕ್ಷೆ ಮಾಡಿಸಿ.

ಮುಟ್ಟನ್ನೇ ಮುಂದೂಡುವ ಹಾರ್ಮೋನ್ ಮಾತ್ರೆಗಳ ಬಗ್ಗೆ ಹಲವರು ಕೇಳುತ್ತಾರೆ. ಕೆಲವರಿಗೆ ಅನುಕೂಲವಾಗಬಹುದು, ಆದರೆ ನೀವೇ ಶುರುಮಾಡಬೇಡಿ. ಈಸ್ಟ್ರೋಜನ್ ಇರುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಓಡಾಟ ಕಡಿಮೆ ಇರುವವರಿಗೆ ಇನ್ನೂ ಹೆಚ್ಚು. ಇಲ್ಲೇ ನಾವು ಸಿಕ್ಕಿಹಾಕಿಕೊಳ್ಳುವುದು: ಸ್ತ್ರೀರೋಗ ತಜ್ಞರು ನ್ಯೂರಾಲಜಿಸ್ಟನ್ನು ಕೇಳಿ ಅಂತಾರೆ, ನ್ಯೂರಾಲಜಿಸ್ಟ್ ಸ್ತ್ರೀರೋಗ ತಜ್ಞರನ್ನು ಕೇಳಿ ಅಂತಾರೆ. ಅವರಿಬ್ಬರೂ ಒಂದು ಸಲ ಮಾತಾಡಿಕೊಂಡರೆ, ಕಾಲು ಎಳೆದುಕೊಂಡು ಎರಡು ಆಸ್ಪತ್ರೆ ಅಲೆಯುವುದು ನಮಗೆ ತಪ್ಪುತ್ತದೆ.

ಅಲ್ಲಿಯವರೆಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ದಿನಾ ಒಂದೇ ಸಾಲು ಸಾಕು: ಮುಟ್ಟಾಗಿ ಎಷ್ಟನೇ ದಿನ, ಕಾಲು ಹೇಗಿತ್ತು, ನಿದ್ದೆ ಬಂತಾ, ರಕ್ತ ಎಷ್ಟು ಹೋಯಿತು. ಮೂರು ತಿಂಗಳದ್ದಾದರೂ ಬರೆದು ಡಾಕ್ಟರ ಮೇಜಿನ ಮೇಲೆ ತೆರೆದಿಡಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಅದೇ ದಿನ ಕೇಳಿ ಬರೆಸಿಕೊಳ್ಳಿ.