ಪ್ರೇಕ್ಷಣೀಯವಲ್ಲದ ಸ್ಥಳಗಳು

ಕೂತಲ್ಲಿಂದ ಏಳದೆ ದೂರದ್ದನ್ನು ನೋಡುವ ವಿದ್ಯೆ ಹುಟ್ಟಿದ್ದು ಜ್ಞಾನದಾಹದಿಂದಲ್ಲ, ಕಾಫಿಯ ಚಟದಿಂದ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರಿಗೆ ಒಂದು ಸಂಕಟವಿತ್ತು. ಎಲ್ಲರಿಗೂ ಸೇರಿ ಕಾಫಿ ಯಂತ್ರ ಒಂದೇ. ದೂರದ ಕೋಣೆಗಳಲ್ಲಿದ್ದವರು ಕೆಲಸ ಬಿಟ್ಟು ನಡೆದು ಬಂದರೆ ಪಾತ್ರೆಯ ತಳ ಕಾಣುತ್ತಿರುತ್ತಿತ್ತು. ಸರಿ, ಬುದ್ಧಿವಂತರಲ್ಲವೇ, ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿ ಅದರ ಚಿತ್ರ ತಮ್ಮ ಮೇಜಿನ ಮೇಲೇ ಕಾಣುವಂತೆ ಮಾಡಿಕೊಂಡರು. ಎರಡು ವರ್ಷದ ನಂತರ ಅದು ಅಂತರಜಾಲಕ್ಕೂ ಏರಿತು. ಆ ಕಾಫಿಯ ಒಂದು ಗುಟುಕೂ ಸಿಗುವ ಆಸೆಯಿಲ್ಲದವರು ಲೋಕದ ಮೂಲೆಮೂಲೆಯಿಂದ ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ಇಣುಕತೊಡಗಿದರು. 2001ರಲ್ಲಿ ಆ ಕ್ಯಾಮೆರಾವನ್ನು ಆರಿಸಿದಾಗ ಅದೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಹಾಗೆ ಇಣುಕಿದವರ ಮೇಲೆ ನನಗೆ ವಿಪರೀತ ಅಕ್ಕರೆ. ಖಾಲಿ ಕಾಫಿ ಪಾತ್ರೆ ನೋಡುವುದಕ್ಕೆಂದು ಯಾರೂ ವೀಸಾ ಮಾಡಿಸಿ ಇಂಗ್ಲೆಂಡಿಗೆ ಹೋಗುವುದಿಲ್ಲ. ಅಷ್ಟು ದುಡ್ಡು ಸುರಿದು ಹೋದವರು ಬಿಗ್ ಬೆನ್ ನೋಡಲೇಬೇಕು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೇಬೇಕು. ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಕೇಳಿದವರಿಗೆ ಏನು ಹೇಳುವುದು? ಪ್ರವಾಸದ ದೊಡ್ಡ ತೊಡಕೇ ಇದು: ಕೊಟ್ಟ ಕಾಸಿಗೆ ಲೆಕ್ಕ ಒಪ್ಪಿಸಬೇಕು. ಮನೆಯಲ್ಲಿ ಕೂತು ಹೊರಟವನಿಗೆ ಆ ಹಂಗಿಲ್ಲ. ಅವನು ಯಾವ ಕೆಲಸಕ್ಕೂ ಬಾರದ ಬೀದಿಯೊಂದರಲ್ಲಿ ಇಡೀ ಸಂಜೆ ಕಳೆಯಬಹುದು.

ಆದರೆ ಇಂಥ ಪ್ರವಾಸವನ್ನು ಹೊಗಳುವವರು ಮೊದಲು ಕರೆದೊಯ್ಯುವುದು ಲೂವ್ರ್ ವಸ್ತುಸಂಗ್ರಹಾಲಯಕ್ಕೆ, ಇಲ್ಲವೇ ತಾಜ್ ಮಹಲಿಗೆ. ನಾನೂ ಹೋಗಿದ್ದೇನೆ. ಸುತ್ತಲೂ ತಿರುಗಿಸಬಹುದಾದ ಚಿತ್ರದಲ್ಲಿ ಹೊಳೆಯುವ ನೆಲ, ಗೋಡೆಯ ತುಂಬ ಚಿನ್ನದ ಕಟ್ಟು, ನರಪಿಳ್ಳೆಯಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಣ್ಣು ಮೂಲೆಯಲ್ಲಿರುವ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಕಡೆಗೋ ಕಾವಲುಗಾರನ ಖಾಲಿ ಕುರ್ಚಿಯ ಕಡೆಗೋ ಹೋಗುತ್ತದೆ. ಆ ಕುರ್ಚಿಯ ದಿಂಬು ಸವೆದಿದ್ದರೆ ಮಾತ್ರ ಇಲ್ಲಿ ಯಾರೋ ಇದ್ದಾರೆ ಎಂಬ ನೆಮ್ಮದಿ. ಮಹಾಕೃತಿಗಳನ್ನು ಅಲ್ಲಿಗೇ ಹೋಗಿ ನೋಡಬೇಕು. ಪರದೆಯ ಮೇಲೆ ಅವು ಒಳ್ಳೆಯ ಕ್ಯಾಲೆಂಡರ್ ಆಗುತ್ತವೆ, ಅಷ್ಟೆ.

ನನ್ನ ದಾರಿ ಗೂಗಲ್ ಸ್ಟ್ರೀಟ್ ವ್ಯೂ. 2007ರಲ್ಲಿ ಅಮೆರಿಕದ ಐದು ನಗರಗಳಿಂದ ಶುರುವಾದ ಈ ವ್ಯವಸ್ಥೆಯಲ್ಲಿ ನೆತ್ತಿಯ ಮೇಲೆ ಕ್ಯಾಮೆರಾ ಹೊತ್ತ ಕಾರು ಬೀದಿಬೀದಿ ಸುತ್ತುತ್ತದೆ; ಅದು ತೆಗೆದ ಚಿತ್ರಗಳಲ್ಲಿ ನಾವು ಪರದೆಯ ಮೇಲೇ ಹೆಜ್ಜೆ ಹೆಜ್ಜೆಯಾಗಿ ಅಡ್ಡಾಡಬಹುದು. ಕಾರಿಗೆ ಸೌಂದರ್ಯಪ್ರಜ್ಞೆ ಇಲ್ಲದಿರುವುದೇ ಅದರ ಚೆಲುವು. ಅರಮನೆಯನ್ನು ಎಷ್ಟು ಶ್ರದ್ಧೆಯಿಂದ ತೆಗೆಯುತ್ತದೋ ಪಂಚರ್ ಅಂಗಡಿಯನ್ನೂ ಅಷ್ಟೇ ಶ್ರದ್ಧೆಯಿಂದ ತೆಗೆಯುತ್ತದೆ. ಪೋರ್ಚುಗಲ್ಲಿನ ಯಾವುದೋ ಊರಿನ ಓಣಿಯಲ್ಲಿ ಬಾಣದ ಗುರುತು ಒತ್ತುತ್ತ ನಾನು ಮುಂದೆ ಹೋಗುತ್ತೇನೆ. ಮೇಲಂತಸ್ತಿನ ತಂತಿಯಲ್ಲಿ ಬಟ್ಟೆ ಒಣಗುತ್ತಿದೆ. ಅಂಗಿಗಳನ್ನು ತಲೆಕೆಳಗಾಗಿ ಹಾಕಿ ತುದಿಗೆ ಕ್ಲಿಪ್ಪು ಸಿಕ್ಕಿಸಿದ್ದಾರೆ, ಥೇಟ್ ನಮ್ಮ ಮನೆಯಲ್ಲಿ ಮಾಡುವ ಹಾಗೆ. ಬಾಗಿಲಲ್ಲಿ ನಿಂತ ಮುದುಕನೊಬ್ಬ ಕಾರನ್ನು ಅನುಮಾನದಿಂದ ನೋಡುತ್ತಿದ್ದಾನೆ. ಮುಖ ಮಸುಕು, ಆದರೂ ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿಯಲ್ಲೇ ಅನುಮಾನ ತಿಳಿಯುತ್ತದೆ. ಇನ್ನೊಂದು ಹೆಜ್ಜೆ ಒತ್ತಿದರೆ ಸುಡುಬಿಸಿಲು ಮಾಯ, ರಸ್ತೆಯೆಲ್ಲ ಒದ್ದೆ. ಈ ತಿರುವಿನಿಂದಾಚೆಗೆ ಕಾರು ಬಂದದ್ದು ಬೇರೊಂದು ವರ್ಷದಲ್ಲಿ.

ಮುಖ ಮಸುಕು ಮಾಡುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಅದು ಹೆಚ್ಚು ವಿಚಾರಿಸುವುದಿಲ್ಲ. 2016ರಲ್ಲಿ ಅದೇ ಕೇಂಬ್ರಿಜ್ಜಿನ ನದಿ ದಂಡೆಯಲ್ಲಿ ಮೇಯುತ್ತಿದ್ದ ದನವೊಂದರ ಮುಖವನ್ನೂ ಮಸುಕು ಮಾಡಿ ಅದರ ಖಾಸಗಿತನವನ್ನು ಕಾಪಾಡಿತ್ತು. ನಮ್ಮ ಕಡೆ ಈ ಯಂತ್ರ ಮಾಡಿದ ಅನ್ಯಾಯವೇ ಬೇರೆ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಮುಖಂಡರೊಬ್ಬರ ಮೋರೆ ಮಸುಕಾದದ್ದನ್ನು ನಾನೇ ಕಂಡೆ. ಮುಖ ತೋರಿಸುವುದಕ್ಕೆಂದೇ ಖರ್ಚು ಮಾಡಿದವರ ಪಾಡು ಹೀಗಾಗಬಾರದಿತ್ತು.

ಈ ಬೀದಿಗಳ ನಿಜವಾದ ನಿತ್ಯಯಾತ್ರಿಕರು ಬೇರೆಯೇ ಇದ್ದಾರೆ: ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಇಲ್ಲಿ ಉಳಿದ ತಂದೆತಾಯಿಗಳು. ನಮ್ಮ ಹಿಂದಿನ ರಸ್ತೆಯ ರಾಯರಿಗೆ ಮಗಳ ಮನೆಯಿಂದ ದಿನಸಿ ಅಂಗಡಿಗೆ ಎಷ್ಟು ತಿರುವು, ಯಾವ ತಿರುವಿನಲ್ಲಿ ಸಿಗ್ನಲ್ ಎಂಬುದೆಲ್ಲ ಬಾಯಿಪಾಠ. ಅವರ ಹೆಂಡತಿಯ ಗಮನ ಇನ್ನೂ ಸೂಕ್ಷ್ಮ. ಪರದೆಯಲ್ಲಿ ಮಗಳ ಮನೆಯ ಮುಂದೆ ಕಸದ ಡಬ್ಬಿ ರಸ್ತೆಗೆ ಅಡ್ಡ ಬಿದ್ದಿರುವುದನ್ನು ಕಂಡವರೇ ಫೋನು ಹಚ್ಚಿದರು.

“ಏನೇ ಇದು, ಬಾಗಿಲ ಮುಂದೆಯೇ ಕಸದ ಡಬ್ಬಿ ಬೀಳಿಸಿಕೊಂಡಿದ್ದೀಯಲ್ಲ, ನೋಡಿದವರು ಏನೆಂದುಕೊಳ್ಳುತ್ತಾರೆ?”

“ಅಮ್ಮಾ, ಅದು ನಾವು ಈ ಮನೆಗೆ ಬರುವುದಕ್ಕೂ ಮುಂಚಿನ ಫೋಟೋ.”

“ಇರಲಿ, ಈಗ ಹೋಗಿ ಒಂದು ಸಲ ನೋಡು.”

ಅಲ್ಲಿ ರಾತ್ರಿ ಎರಡು ಗಂಟೆ. ಅವಳು ಎದ್ದು ಹೋಗಿ ನೋಡಿದಳಂತೆ.

ದಾರಿ ತೋರಿಸುವುದಕ್ಕೆ ಮನುಷ್ಯನಿಗಿಂತ ಒಳ್ಳೆಯ ಪ್ರಾಣಿ ಕುರಿ ಎಂಬುದು ನನಗೆ ಮನವರಿಕೆಯಾದದ್ದು ಫಾರೋ ದ್ವೀಪಗಳ ಕಥೆಯಿಂದ. ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪಗಳಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು. ಸ್ಟ್ರೀಟ್ ವ್ಯೂ ಕಾರು ತಮ್ಮ ಕಡೆ ತಲೆ ಹಾಕಲಿಲ್ಲವೆಂದು ಅಲ್ಲಿಯವರು 2016ರಲ್ಲಿ ಸೌರಶಕ್ತಿಯಿಂದ ನಡೆಯುವ ಕ್ಯಾಮೆರಾವನ್ನು ಕುರಿಗಳ ಬೆನ್ನಿಗೆ ಕಟ್ಟಿ ಬಿಟ್ಟರು. ಸುದ್ದಿ ಮುಟ್ಟಿ, ಅದೇ ವರ್ಷ ಗೂಗಲ್‌ನವರು ತಮ್ಮ ಸಲಕರಣೆಗಳೊಡನೆ ಬಂದರು. ಬಂದದ್ದು ಒಳ್ಳೆಯದೇ. ಆದರೂ ಕುರಿಯ ಮಾರ್ಗದರ್ಶನಕ್ಕೆ ಸಮನಾದದ್ದಿಲ್ಲ. ‘ಇಲ್ಲಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ’ ಎಂದು ಅದು ಯಾರನ್ನೂ ಓಡಿಸುವುದಿಲ್ಲ. ಹುಲ್ಲು ಇರುವ ಕಡೆ ಹೋಗುತ್ತದೆ, ಹುಲ್ಲು ಮುಗಿಯುವ ತನಕ ನಿಲ್ಲುತ್ತದೆ.

ನಾರ್ವೆಯ ದೂರದರ್ಶನದವರು 2009ರಲ್ಲಿ ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿನ ಪಯಣವನ್ನು ಇಡಿಯಾಗಿ ತೋರಿಸಿದರು. ಏಳು ಗಂಟೆಗೂ ಮಿಕ್ಕಿದ ಕಾರ್ಯಕ್ರಮ, ಕಥೆಯಿಲ್ಲ, ಅವಸರವಿಲ್ಲ. ಸುಮಾರು ಹನ್ನೆರಡು ಲಕ್ಷ ಜನ ಒಂದಿಷ್ಟಾದರೂ ನೋಡಿದರು. ಹಿಮದ ಮೇಲೆ ಎರಡು ಹಳಿ, ನಡುನಡುವೆ ಸುರಂಗ. ನಾನು ಅದನ್ನು ಹಾಕಿಕೊಂಡು ಅವರೆಕಾಳು ಹಿಸುಕುವುದುಂಟು. ಕೈಗೆ ಕೆಲಸ, ಕಣ್ಣಿಗೆ ನಾರ್ವೆ. ಒಂದೇ ಕೊರತೆ, ಸುರಂಗ ಬಂದರೂ ಯಾರೂ ಕೂಗುವುದಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗಗಳಿವೆ. ಪ್ರತಿಯೊಂದರಲ್ಲೂ ಬೋಗಿಯ ಮಕ್ಕಳು ಒಟ್ಟಾಗಿ ‘ಹೋ’ ಎನ್ನುತ್ತಾರೆ, ಹತ್ತನೆಯ ಸುರಂಗದ ಹೊತ್ತಿಗೆ ದೊಡ್ಡವರೂ ಸೇರಿಕೊಳ್ಳುತ್ತಾರೆ. ಹಾಗಾಗಿ ನಾರ್ವೆಯ ಸುರಂಗಗಳಲ್ಲಿ ಕೂಗುವ ಜವಾಬ್ದಾರಿ ನಮ್ಮ ಮನೆಯಲ್ಲಿ ನನ್ನದು.

ಇಷ್ಟೆಲ್ಲ ಊರು ಸುತ್ತುವವನಿಗೆ ತನ್ನ ಊರನ್ನೇ ಹೀಗೆ ನೋಡುವ ಭಾಗ್ಯ ತಡವಾಗಿ ಬಂತು. ಬೆಂಗಳೂರಿನಲ್ಲಿ 2011ರಲ್ಲೇ ಕಾರು ಓಡಾಡತೊಡಗಿತ್ತು. ಕೆಲವೇ ವಾರಗಳಲ್ಲಿ ಪೊಲೀಸರು ಭದ್ರತೆಯ ಪ್ರಶ್ನೆ ಎತ್ತಿ ನಿಲ್ಲಿಸಿದರು. ಮತ್ತೆ ಬಂದದ್ದು 2022ರ ಜುಲೈನಲ್ಲಿ, ದೇಶದ ಹತ್ತು ನಗರಗಳಿಗೆ ಒಟ್ಟಿಗೆ, ಭಾರತೀಯ ಕಂಪನಿಗಳ ಜೊತೆಗೂಡಿ. ಈಗ ನಮ್ಮ ಬೀದಿಯೂ ಅದರಲ್ಲಿದೆ. ಮಳೆ ಬಂದ ಸಂಜೆ ಬರ್ಗೆನ್‌ನಲ್ಲಿ ಕೂತ ಒಬ್ಬಾತ ಇಲ್ಲಿಗೆ ಬಂದು ಇಳಿದ ಎಂದುಕೊಳ್ಳೋಣ. ಅಂಗಡಿಯ ಶಟರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಕಂಬದಲ್ಲಿ ಸುತ್ತಿ ಬಿಟ್ಟ ಕೇಬಲ್ಲಿನ ಕಂತೆ, ಗೇಟಿನ ಮುಂದೆ ಅರ್ಧ ಅಳಿಸಿದ ರಂಗೋಲಿ, ಇವುಗಳಿಗೆಲ್ಲ ಅವನು ತನಗೆ ತೋಚಿದ ಅರ್ಥ ಹಚ್ಚಿಕೊಳ್ಳಬಹುದು. ನಮ್ಮ ಮನೆಯ ಎದುರು ಬಂದಾಗ ಮಾತ್ರ ಖಂಡಿತ ನಿಲ್ಲುತ್ತಾನೆ. ಅಲ್ಲಿ ರಸ್ತೆಯ ಅಂಚಿನಲ್ಲಿ ಸುಣ್ಣ ಬಳಿದ ಮೂರು ಚಪ್ಪಡಿ ಕಲ್ಲುಗಳು ಸಾಲಾಗಿವೆ. ಯಾವುದೋ ಪ್ರಾಚೀನ ಆಚರಣೆಯಿರಬೇಕು ಎಂದು ಅವನು ಹಿಂದೆ ಮುಂದೆ ಬಾಣ ಒತ್ತಿ ಪರೀಕ್ಷಿಸುತ್ತಾನೆ. ಕಲ್ಲು ಇಡಿಸಿದವನು ನಾನೇ, ಬೇರೆಯವರು ಅಲ್ಲಿ ಕಾರು ನಿಲ್ಲಿಸಬಾರದೆಂದು. ನಮ್ಮಲ್ಲಿ ಕಾರಿಲ್ಲ.